1991ರ ಜುಲೈ ಬಜೆಟ್: ಚಿನ್ನದ ಕಥೆಯ ಹಿಂದೆ ಉಳಿದುಹೋದ ಲೆಕ್ಕಗಳು

ತುಂಗಾತೀರ

ಕೇಂದ್ರ ಬಜೆಟ್ ಮಂಡನೆಯ ದಿನ ಹತ್ತಿರವಾದಾಗಲೆಲ್ಲ 1991ರ ಜುಲೈ 24ರ ಬಜೆಟ್ ನೆನಪಿಗೆ ಬರುತ್ತದೆ. ದೇಶ ಚಿನ್ನ ಅಡವಿಟ್ಟಿತು, ಡಾ. ಮನಮೋಹನ ಸಿಂಗ್ ಹಣಕಾಸು ಸಚಿವರಾಗಿ ಬಂದರು, ಆರ್ಥಿಕತೆಯ ಬಾಗಿಲು ತೆರೆಯಿತು ಎಂಬ ಮೂರು ವಾಕ್ಯಗಳಲ್ಲಿ ಆ ಕಥೆ ಸಾಮಾನ್ಯವಾಗಿ ಮುಗಿಯುತ್ತದೆ. ನಾನು ಪದವಿ ವಿದ್ಯಾರ್ಥಿಗಳಿಗೆ ಅರ್ಥಶಾಸ್ತ್ರ ಕಲಿಸುವವನು. ಈ ವರ್ಷ ತರಗತಿಯಲ್ಲಿ ಆ ಭಾಷಣವನ್ನು ಮೊದಲಿನಿಂದ ಕೊನೆಯವರೆಗೆ ಎಲ್ಲರೂ ಸೇರಿ ಓದಿದೆವು. ಓದಿ ಮುಗಿಸಿದಾಗ ಈ ಮೂರು ವಾಕ್ಯಗಳು ಎಷ್ಟೊಂದನ್ನು ಮುಚ್ಚಿಡುತ್ತವೆ ಎಂಬುದು ನನಗೇ ಹೊಸದಾಗಿ ಹೊಳೆಯಿತು. ಆದ್ದರಿಂದ ಈ ಚರ್ಚೆಯನ್ನು ಆರಂಭಿಸುತ್ತಿದ್ದೇನೆ.

ಮೊದಲು ಚಿನ್ನದ ವಿಷಯವನ್ನೇ ಸರಿಯಾಗಿ ಹೇಳಿಬಿಡೋಣ. ಅದು ಒಂದೇ ಸಲ ನಡೆದದ್ದಲ್ಲ, ಒಂದೇ ಸರ್ಕಾರ ಮಾಡಿದ್ದೂ ಅಲ್ಲ. 1991ರ ಮೇ ತಿಂಗಳಿನಲ್ಲಿ, ಚಂದ್ರಶೇಖರ್ ಅವರ ಉಸ್ತುವಾರಿ ಸರ್ಕಾರವಿದ್ದಾಗ, ಸರ್ಕಾರದ ವಶದಲ್ಲಿದ್ದ ಮುಟ್ಟುಗೋಲಿನ ಚಿನ್ನದಲ್ಲಿ 20 ಟನ್ನನ್ನು ಸ್ಟೇಟ್ ಬ್ಯಾಂಕಿನ ಮೂಲಕ ಸ್ವಿಟ್ಜರ್ಲೆಂಡಿನ ಬ್ಯಾಂಕೊಂದಕ್ಕೆ, ಮುಂದೆ ಮರಳಿ ಕೊಳ್ಳುವ ಹಕ್ಕನ್ನು ಇಟ್ಟುಕೊಂಡು, ಮಾರಲಾಯಿತು. ಜುಲೈನಲ್ಲಿ, ಪಿ.ವಿ. ನರಸಿಂಹ ರಾವ್ ಅವರ ಸರ್ಕಾರ ಬಂದ ಮೇಲೆ, ರಿಸರ್ವ್ ಬ್ಯಾಂಕು ತನ್ನ ಸ್ವಂತ ಚಿನ್ನದಿಂದ ಸುಮಾರು 47 ಟನ್ನನ್ನು ಬ್ಯಾಂಕ್ ಆಫ್ ಇಂಗ್ಲೆಂಡ್ ಮತ್ತು ಬ್ಯಾಂಕ್ ಆಫ್ ಜಪಾನ್‌ಗಳಿಂದ ಸಾಲ ಪಡೆಯಲು ಒತ್ತೆ ಇಟ್ಟಿತು. ಎರಡೂ ಸೇರಿ ದೊರೆತದ್ದು ಸುಮಾರು 60 ಕೋಟಿ ಡಾಲರ್. ಜುಲೈ ಸಾಲವನ್ನು ಕೆಲವೇ ತಿಂಗಳಲ್ಲಿ ತೀರಿಸಲಾಯಿತು.

ಬಜೆಟ್ ಮಂಡನೆಯಾದ ಸಂಜೆ ದೇಶದ ವಿದೇಶಿ ವಿನಿಮಯ ಸಂಗ್ರಹ ಸುಮಾರು 2,500 ಕೋಟಿ ರೂಪಾಯಿ ಇತ್ತು. ಅದು ಎರಡು ವಾರದ ಆಮದಿಗಷ್ಟೇ ಸಾಕಾಗುತ್ತದೆ ಎಂದು ಸಚಿವರು ಸದನಕ್ಕೆ ನೇರವಾಗಿ ತಿಳಿಸಿದರು. ಚಾಲ್ತಿ ಖಾತೆಯ ಕೊರತೆ, ಅಂದರೆ ಆಮದು ಮುಂತಾದವುಗಳಿಗೆ ಹೊರಹೋಗುವ ಹಣಕ್ಕೂ ರಫ್ತು ಮುಂತಾದವುಗಳಿಂದ ಒಳಬರುವ ಹಣಕ್ಕೂ ಇರುವ ಅಂತರ, ಒಟ್ಟು ಆಂತರಿಕ ಉತ್ಪನ್ನದ ಶೇ 2.5ಕ್ಕೂ ಹೆಚ್ಚಾಗಿತ್ತು. ವಿದೇಶಿ ಸಾಲ ಅದೇ ಉತ್ಪನ್ನದ ಶೇ 23ರಷ್ಟಿತ್ತು. ಗ್ರಾಹಕ ಬೆಲೆ ಸೂಚ್ಯಂಕ ಮಾರ್ಚ್ 31ಕ್ಕೆ ಮುಗಿದ ವರ್ಷದಲ್ಲಿ ಶೇ 13.6ರಷ್ಟು ಏರಿತ್ತು.

ಇಷ್ಟನ್ನು ಓದಿ, ಇದಕ್ಕೆ ಕೊಲ್ಲಿ ಯುದ್ಧ ಕಾರಣ ಎಂಬ ವಾಡಿಕೆಯ ವಿವರಣೆಯನ್ನು ನಾನು ಕೊಟ್ಟ ಕೂಡಲೇ ತರಗತಿಯಲ್ಲಿ ಒಬ್ಬ ವಿದ್ಯಾರ್ಥಿನಿ ಕೇಳಿದ ಪ್ರಶ್ನೆಯನ್ನು ಇಲ್ಲಿಯೂ ಇಡುತ್ತೇನೆ: “ಕೊಲ್ಲಿ ಯುದ್ಧದಿಂದ ಎಣ್ಣೆ ದುಬಾರಿಯಾಯಿತು ಎನ್ನುತ್ತೀರಿ. ಆದರೆ ಯುದ್ಧ ಫೆಬ್ರುವರಿಯಲ್ಲೇ ಮುಗಿದಿತ್ತಲ್ಲವೇ? ಹಾಗಿದ್ದರೆ ಜುಲೈನಲ್ಲಿ ಚಿನ್ನ ಏಕೆ ಹೋಗಬೇಕಿತ್ತು?”

ಪ್ರಶ್ನೆ ನ್ಯಾಯವಾದದ್ದು. 1990ರ ಆಗಸ್ಟ್ 2ರಂದು ಇರಾಕ್ ಕುವೈತಿನೊಳಗೆ ನುಗ್ಗಿತು. ಕಚ್ಚಾ ತೈಲದ ಬೆಲೆ ಅಕ್ಟೋಬರ್ ವೇಳೆಗೆ ಬ್ಯಾರೆಲ್‌ಗೆ 40 ಡಾಲರಿನ ಸಮೀಪಕ್ಕೆ ಹೋಯಿತು. 1991ರ ಜನವರಿಯಲ್ಲಿ ವಾಯುದಾಳಿ ಆರಂಭವಾದ ಬೆನ್ನಲ್ಲೇ ಅದು ಕುಸಿದು, ಹೆಚ್ಚುಕಡಿಮೆ ಹಳೆಯ ಮಟ್ಟಕ್ಕೆ ಇಳಿಯಿತು. ನಮ್ಮ ಚಿನ್ನ ವಿಮಾನ ಏರಿದಾಗ ಎಣ್ಣೆ ಮತ್ತೆ ಅಗ್ಗವಾಗಿತ್ತು. ಆದ್ದರಿಂದ ಎಣ್ಣೆಯೊಂದನ್ನೇ ಕಾರಣವೆಂದು ಹೇಳಿ ಮುಗಿಸಲು ಸಾಧ್ಯವಿಲ್ಲ ಎಂಬುದು ನನ್ನ ಅಭಿಪ್ರಾಯ. ಉಳಿದವರು ಏನು ಹೇಳುತ್ತಾರೆಂದು ತಿಳಿಯುವ ಆಸೆಯಿದೆ.

ಕಡಲತಡಿ

ತುಂಗಾತೀರ ಅವರೇ, ತಾವು ಹೇಳಿದ ಯುದ್ಧ ನಮ್ಮ ಮನೆಯೊಳಗೂ ನಡೆದದ್ದರಿಂದ ಎರಡು ಮಾತು ಬರೆಯುತ್ತಿದ್ದೇನೆ. ನಮ್ಮೂರು ಕುಂದಾಪುರದ ಬಳಿ. ಆಗ ಉಡುಪಿ ಜಿಲ್ಲೆ ಆಗಿರಲಿಲ್ಲ, ಎಲ್ಲವೂ ದಕ್ಷಿಣ ಕನ್ನಡ. ಅಪ್ಪಯ್ಯ ಕುವೈತಿನಲ್ಲಿ ಹನ್ನೊಂದು ವರ್ಷ ಕೆಲಸ ಮಾಡಿದ್ದರು. ತಿಂಗಳಿಗೊಮ್ಮೆ ನೋಂದಾಯಿತ ಅಂಚೆಯಲ್ಲಿ ಬರುತ್ತಿದ್ದ ಡ್ರಾಫ್ಟಿನ ಮೇಲೆ ಮನೆಯ ಖರ್ಚು, ತಂಗಿಯ ಶಾಲೆ, ಅರ್ಧಕ್ಕೆ ನಿಂತಿದ್ದ ಮನೆಯ ಮಾಡು ಎಲ್ಲವೂ ನಡೆಯುತ್ತಿತ್ತು.

ಆಗಸ್ಟಿನಿಂದ ಡ್ರಾಫ್ಟು ನಿಂತಿತು, ಪತ್ರವೂ ನಿಂತಿತು. ಅಕ್ಟೋಬರ್ ಮೊದಲ ವಾರ ಅಪ್ಪಯ್ಯ ಬಾಗ್ದಾದಿನ ದಾರಿಯಾಗಿ ಜೋರ್ಡಾನಿನ ಅಮ್ಮಾನ್ ತಲುಪಿ, ಅಲ್ಲಿಂದ ಏರ್ ಇಂಡಿಯಾ ವಿಮಾನದಲ್ಲಿ ಬೊಂಬಾಯಿಗೆ ಬಂದರು. ಆ ಕಾರ್ಯಾಚರಣೆಯಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಭಾರತೀಯರನ್ನು ಮರಳಿ ಕರೆತರಲಾಯಿತು. ಮನೆಗೆ ಬಂದಾಗ ಅವರ ಕೈಯಲ್ಲಿ ಇದ್ದದ್ದು ಒಂದು ಬಟ್ಟೆಯ ಚೀಲ, ಒಳಗೆ ಕುವೈತಿ ದಿನಾರಿನ ಸಣ್ಣ ಕಟ್ಟು. ಇರಾಕ್ ಆ ನಾಣ್ಯವನ್ನೇ ರದ್ದು ಮಾಡಿತ್ತು. ಪೇಟೆಯ ಬ್ಯಾಂಕಿನ ಕೌಂಟರಿನಲ್ಲಿ ಅದನ್ನು ತಿರುಗಿಸಿ ತಿರುಗಿಸಿ ನೋಡಿ ಹಿಂದಕ್ಕೆ ತಳ್ಳಿದ್ದು ನನಗೆ ನೆನಪಿದೆ, ನಾನು ಅಪ್ಪಯ್ಯನ ಪಕ್ಕದಲ್ಲೇ ನಿಂತಿದ್ದೆ.

ನಮ್ಮಂಥ ಮನೆಗಳಿಗೆ ಬರುತ್ತಿದ್ದ ಹಣವೇ ದೇಶದ ವಿದೇಶಿ ವಿನಿಮಯವೂ ಆಗಿತ್ತು ಎಂಬುದು ನನಗೆ ಅರ್ಥವಾದದ್ದು ಬಹಳ ವರ್ಷಗಳ ನಂತರ. ಎಣ್ಣೆ ಅಗ್ಗವಾದ ಮಾತ್ರಕ್ಕೆ ಆ ಡ್ರಾಫ್ಟುಗಳು ಮರಳಿ ಬರಲಿಲ್ಲ. ಅಷ್ಟೇ ಅಲ್ಲ, ಹೊರದೇಶದಲ್ಲಿದ್ದವರು ಇಲ್ಲಿನ ಬ್ಯಾಂಕುಗಳಲ್ಲಿ ಇಟ್ಟಿದ್ದ ಠೇವಣಿಗಳೂ 1991ರ ಮೊದಲ ಆರು ತಿಂಗಳಲ್ಲಿ ಹೊರಗೆ ಹರಿಯತೊಡಗಿದವು. ಯಾರು ದೇಶವನ್ನು ನಂಬಿ ಹಣವಿಟ್ಟಿದ್ದರೋ ಅವರ ನಂಬಿಕೆ ಅಲುಗಿತ್ತು. ವಿದ್ಯಾರ್ಥಿನಿಯ ಪ್ರಶ್ನೆಗೆ ಉತ್ತರದ ಒಂದು ಭಾಗ ಅಲ್ಲಿದೆ ಎಂದು ನನಗನ್ನಿಸುತ್ತದೆ.

ಲೆಕ್ಕಪುಸ್ತಕ

ನಾನು ಸರ್ಕಾರಿ ಲೆಕ್ಕಪತ್ರ ಇಲಾಖೆಯಲ್ಲಿ ಕೆಲಸ ಮಾಡಿ ನಿವೃತ್ತನಾದವನು. ಕಡಲತಡಿ ಅವರ ಮಾತು ಸತ್ಯ. ಆದರೆ ಹೊರಗಿನ ಪೆಟ್ಟಿಗೆ ಗೋಡೆ ಬಿದ್ದದ್ದು ಒಳಗೆ ಗೆದ್ದಲು ಹಿಡಿದಿದ್ದರಿಂದ. ಆ ಗೆದ್ದಲಿನ ಹೆಸರು ರಾಜಸ್ವ ಕೊರತೆ. ಬಜೆಟ್ ಕುರಿತ ಚರ್ಚೆಗಳಲ್ಲಿ ಈ ಪದವನ್ನು ಯಾರೂ ಬಿಡಿಸಿ ಹೇಳುವುದಿಲ್ಲವಾದ್ದರಿಂದ ಸ್ವಲ್ಪ ವಿವರವಾಗಿ ಬರೆಯುತ್ತೇನೆ, ಓದುಗರು ತಾಳ್ಮೆಯಿಂದ ಓದಬೇಕೆಂದು ಕೋರುತ್ತೇನೆ.

ಸಂವಿಧಾನದಲ್ಲಿ ಬಜೆಟ್ ಎಂಬ ಶಬ್ದವೇ ಇಲ್ಲ. 112ನೆಯ ವಿಧಿ ಅದನ್ನು ವಾರ್ಷಿಕ ಹಣಕಾಸು ವಿವರಣಪಟ್ಟಿ ಎಂದು ಕರೆಯುತ್ತದೆ ಮತ್ತು ರಾಜಸ್ವ ಲೆಕ್ಕದ ಖರ್ಚನ್ನು ಇತರ ಖರ್ಚಿನಿಂದ ಬೇರೆಯಾಗಿ ತೋರಿಸಬೇಕೆಂದು ವಿಧಿಸುತ್ತದೆ. ಸಂಬಳ, ಪಿಂಚಣಿ, ಬಡ್ಡಿ, ಸಹಾಯಧನ ಮುಂತಾಗಿ ಆಯಾ ವರ್ಷವೇ ಕರಗಿಹೋಗುವ ಖರ್ಚೆಲ್ಲ ರಾಜಸ್ವ ಲೆಕ್ಕಕ್ಕೆ ಸೇರುತ್ತದೆ. ತೆರಿಗೆ ಮುಂತಾದ ವರಮಾನ ಈ ಖರ್ಚಿಗೆ ಸಾಲದೆ ಬಿದ್ದ ಅಂತರವೇ ರಾಜಸ್ವ ಕೊರತೆ. ಅಣೆಕಟ್ಟು, ರಸ್ತೆ, ಕಾರ್ಖಾನೆಗಳಂಥವು ಬಂಡವಾಳ ಲೆಕ್ಕಕ್ಕೆ ಸೇರುತ್ತವೆ. ಬಾವಿ ತೋಡಿಸಲು ಸಾಲ ತಂದ ರೈತ ನೀರು ಬಂದ ಮೇಲೆ ಸಾಲ ತೀರಿಸಬಲ್ಲ. ದಿನದ ಊಟಕ್ಕೆ ಸಾಲ ತಂದವನಿಗೆ ಆ ದಾರಿಯಿಲ್ಲ. ಸಂವಿಧಾನ ಈ ಎರಡನ್ನು ಬೇರ್ಪಡಿಸಿ ತೋರಿಸಿ ಎಂದದ್ದರ ಹಿಂದೆ ಇಷ್ಟು ಸರಳವಾದ ವಿವೇಕವಿದೆ.

ಕೇಂದ್ರ ಸರ್ಕಾರದ ರಾಜಸ್ವ ಲೆಕ್ಕ 1978–79ರವರೆಗೂ ಸಾಮಾನ್ಯವಾಗಿ ಉಳಿತಾಯದಲ್ಲಿತ್ತು. 1979–80ರಿಂದ ಅದು ಕೊರತೆಗೆ ಇಳಿಯಿತು, ಆಮೇಲೆ ಮೇಲೇಳಲಿಲ್ಲ. 1990–91ರ ಹೊತ್ತಿಗೆ ರಾಜಸ್ವ ಕೊರತೆ 18,500 ಕೋಟಿ ರೂಪಾಯಿ ದಾಟಿತ್ತು. ಆ ವರ್ಷದ ವಿತ್ತೀಯ ಕೊರತೆ, ಎಂದರೆ ಸರ್ಕಾರ ಒಟ್ಟಾರೆ ಸಾಲ ತಂದು ತುಂಬಿದ ಅಂತರ, ಸುಮಾರು 44,600 ಕೋಟಿ. ಅಂದರೆ ಸರ್ಕಾರ ತಂದ ಸಾಲದ ಐದರಲ್ಲಿ ಎರಡು ಪಾಲು ದಿನದ ಊಟಕ್ಕೆ ಹೋಗಿತ್ತು. ಕೇಂದ್ರದ ಬಡ್ಡಿ ಪಾವತಿ 1980–81ರಲ್ಲಿ ಸುಮಾರು 2,600 ಕೋಟಿ ಇದ್ದದ್ದು ಹತ್ತು ವರ್ಷದಲ್ಲಿ ಸುಮಾರು 21,500 ಕೋಟಿಗೆ ಬೆಳೆಯಿತು. ಗೊಬ್ಬರದ ಸಹಾಯಧನ ಅದೇ ಅವಧಿಯಲ್ಲಿ 505 ಕೋಟಿಯಿಂದ 4,389 ಕೋಟಿಗೆ ಏರಿತು.

ಇನ್ನೊಂದು ಸಂಗತಿ ನನ್ನನ್ನು ಇಂದಿಗೂ ಕಾಡುತ್ತದೆ. ಆಗಿನ ಬಜೆಟ್‌ಗಳಲ್ಲಿ ಜನರ ಕಣ್ಣಿಗೆ ಬೀಳುತ್ತಿದ್ದ ಕೊರತೆಯ ಅಂಕಿ ನಿಜವಾದ ಕೊರತೆಗಿಂತ ಬಹಳ ಚಿಕ್ಕದು. ‘ಬಜೆಟ್ ಕೊರತೆ’ ಎಂದು ಹೇಳುತ್ತಿದ್ದುದು ಮುಖ್ಯವಾಗಿ ರಿಸರ್ವ್ ಬ್ಯಾಂಕಿಗೆ ತಾತ್ಕಾಲಿಕ ಖಜಾನೆ ಹುಂಡಿಗಳನ್ನು (ಸರ್ಕಾರದ ಅಲ್ಪಾವಧಿ ಸಾಲಪತ್ರಗಳನ್ನು) ಕೊಟ್ಟು ಪಡೆಯುತ್ತಿದ್ದ ಹಣವನ್ನು. ಮಾರುಕಟ್ಟೆಯಿಂದ, ಸಣ್ಣ ಉಳಿತಾಯದಿಂದ, ಹೊರದೇಶಗಳಿಂದ ತಂದ ಸಾಲವೆಲ್ಲ ಅದರಲ್ಲಿ ‘ಜಮೆ’ಯಾಗಿ ಕಾಣುತ್ತಿತ್ತು. ಪ್ರೊ. ಸುಖಮೊಯ್ ಚಕ್ರವರ್ತಿ ಅವರ ಸಮಿತಿ 1985ರಲ್ಲೇ ಈ ದೋಷವನ್ನು ತೋರಿಸಿತ್ತು. 1991ರ ಭಾಷಣದಲ್ಲಿ ವಿತ್ತೀಯ ಕೊರತೆಯನ್ನು ಮುಂದಿಟ್ಟು, ಅದು 1970ರ ದಶಕದ ಮಧ್ಯದಲ್ಲಿ ಒಟ್ಟು ಆಂತರಿಕ ಉತ್ಪನ್ನದ ಶೇ 4, 1980ರ ದಶಕದ ಆರಂಭದಲ್ಲಿ ಶೇ 6, ಈಗ ಶೇ 8ಕ್ಕೂ ಹೆಚ್ಚು ಎಂದು ವಿವರಿಸಿದ್ದು ನನ್ನ ದೃಷ್ಟಿಯಲ್ಲಿ ಆ ಬಜೆಟ್‌ನ ಅತ್ಯಂತ ದೊಡ್ಡ ಕೆಲಸ. ಅದೇ ದಿನ ಬಂದ ಕೈಗಾರಿಕಾ ಲೈಸೆನ್ಸ್ ರದ್ದತಿಗಿಂತಲೂ ದೊಡ್ಡದು ಎನ್ನುತ್ತೇನೆ. ಹುಂಡಿಗಳ ಪದ್ಧತಿ ಮಾತ್ರ 1997ರ ಏಪ್ರಿಲ್‌ವರೆಗೂ ಉಳಿದುಕೊಂಡಿತು.

ಮೊದಲ ಬೆಂಚು

ಹಿರಿಯರಿಗೆ ನಮಸ್ಕಾರ. ನಾನು ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿರುವವಳು. ನನ್ನದೊಂದು ಸಣ್ಣ ಸಂಶಯ. ಕೇಂದ್ರ ಬಜೆಟ್ ಆಗ ಫೆಬ್ರುವರಿಯ ಕೊನೆಯ ದಿನ ಮಂಡನೆಯಾಗುತ್ತಿತ್ತು ಎಂದು ಓದಿದ್ದೇನೆ. ಹಾಗಿರುವಾಗ 1991ರದು ಜುಲೈ 24ಕ್ಕೆ ಹೇಗೆ ಹೋಯಿತು? ಏಪ್ರಿಲ್‌ನಿಂದ ಜುಲೈವರೆಗೆ ಸರ್ಕಾರ ಯಾವ ಅಧಿಕಾರದ ಮೇಲೆ ಖರ್ಚು ಮಾಡಿತು? ಈ ವಿಳಂಬಕ್ಕೂ ಸಂಕಟಕ್ಕೂ ಸಂಬಂಧವಿದೆಯೇ ಎಂದು ದಯವಿಟ್ಟು ತಿಳಿಸಿ.

ತುಂಗಾತೀರ

ಸಂಬಂಧ ಖಂಡಿತ ಇದೆ. ಈ ಪ್ರಶ್ನೆಯನ್ನು ಕೇಳಿದ್ದಕ್ಕೆ ಸಂತೋಷವಾಯಿತು.

1990ರ ನವೆಂಬರಿನಲ್ಲಿ ವಿ.ಪಿ. ಸಿಂಗ್ ಸರ್ಕಾರ ಬಿತ್ತು. ಕಾಂಗ್ರೆಸ್ಸಿನ ಹೊರಗಿನ ಬೆಂಬಲದ ಮೇಲೆ ಚಂದ್ರಶೇಖರ್ ಪ್ರಧಾನಿಯಾದರು, ಯಶವಂತ ಸಿನ್ಹಾ ಹಣಕಾಸು ಸಚಿವರಾದರು. ಅವರು 1991ರ ಜನವರಿಯಲ್ಲಿ ಅಂತರರಾಷ್ಟ್ರೀಯ ಹಣಕಾಸು ನಿಧಿಯಿಂದ ಸುಮಾರು 180 ಕೋಟಿ ಡಾಲರ್ ಪಡೆದರು. ಅದು ಸಾಲುವಂತಿರಲಿಲ್ಲ. ಮುಂದಿನ ನೆರವು ಸಿಗಬೇಕಾದರೆ ಖರ್ಚು ಕಡಿತಗೊಳಿಸುವ ನೈಜ ಬಜೆಟ್ ಬೇಕಿತ್ತು. ಬೆಂಬಲ ಕೊಟ್ಟ ಪಕ್ಷ ಪೂರ್ಣ ಬಜೆಟ್‌ಗೆ ಒಪ್ಪಲಿಲ್ಲವಾಗಿ ಸಿನ್ಹಾ ಅವರು ಮಾರ್ಚ್ 4ರಂದು ಮಧ್ಯಂತರ ಬಜೆಟ್ ಮಾತ್ರ ಮಂಡಿಸಿದರು. ಎರಡು ದಿನಗಳ ನಂತರ ಪ್ರಧಾನಿ ರಾಜೀನಾಮೆ ಕೊಟ್ಟರು.

ನೀವು ಕೇಳಿದ ಅಧಿಕಾರದ ವಿಷಯ: ಮಾರ್ಚ್ 31 ದಾಟಿದ ಮೇಲೆ ಸಂಸತ್ತಿನ ಅನುಮತಿಯಿಲ್ಲದೆ ಸಂಚಿತ ನಿಧಿಯಿಂದ, ಅಂದರೆ ಸರ್ಕಾರದ ಮುಖ್ಯ ಖಜಾನೆಯಿಂದ, ಒಂದು ರೂಪಾಯಿಯನ್ನೂ ತೆಗೆಯುವಂತಿಲ್ಲ. ಇಂಥ ಸಂದರ್ಭಕ್ಕಾಗಿಯೇ 116ನೆಯ ವಿಧಿಯಲ್ಲಿ ಲೇಖಾನುದಾನದ ಅವಕಾಶವಿದೆ. ಕೆಲವು ತಿಂಗಳ ಮಾಮೂಲಿ ಖರ್ಚಿಗೆ ಸದನ ಮುಂಗಡವಾಗಿ ಒಪ್ಪಿಗೆ ಕೊಡುತ್ತದೆ. ದೇಶ ಆ ವ್ಯವಸ್ಥೆಯ ಮೇಲೆ ನಡೆಯಿತು. ಚುನಾವಣೆಯ ನಡುವೆ, ಮೇ 21ರಂದು, ರಾಜೀವ್ ಗಾಂಧಿ ಶ್ರೀಪೆರಂಬದೂರಿನಲ್ಲಿ ಹತ್ಯೆಯಾದರು. ಮತದಾನದ ಉಳಿದ ಸುತ್ತುಗಳು ಜೂನ್‌ಗೆ ಮುಂದೂಡಲ್ಪಟ್ಟವು. ಜೂನ್ 21ರಂದು ಬಹುಮತವಿಲ್ಲದ ಹೊಸ ಸರ್ಕಾರ ಪ್ರಮಾಣವಚನ ಸ್ವೀಕರಿಸಿತು.

ಆ ನಾಲ್ಕು ತಿಂಗಳಲ್ಲಿ ಸಾಲ ಕೊಟ್ಟವರು ನಮ್ಮ ಬಾಗಿಲಲ್ಲಿ ನಿಂತಿದ್ದರೆ ಮನೆಯ ಯಜಮಾನನ ಸ್ಥಾನ ಖಾಲಿಯಿತ್ತು. ಮಾರ್ಚ್‌ನಲ್ಲಿ ಕಠಿಣ ಬಜೆಟ್ ಬಂದಿದ್ದರೆ ಮೇ ತಿಂಗಳ 20 ಟನ್ ಚಿನ್ನ ಉಳಿಯುತ್ತಿತ್ತೋ ಏನೋ ಎಂದು ನಾನು ಹಲವು ಸಲ ಯೋಚಿಸಿದ್ದೇನೆ.

ಹೊಸ ಸರ್ಕಾರ ಕೆಲಸ ಆರಂಭಿಸಿದ ವೇಗವನ್ನೂ ಗಮನಿಸಬೇಕು. ಜುಲೈ 1ರಂದು ರೂಪಾಯಿಯನ್ನು ಸುಮಾರು ಶೇ 9ರಷ್ಟು, 3ರಂದು ಮತ್ತೆ ಸುಮಾರು ಶೇ 11ರಷ್ಟು ಅಪಮೌಲ್ಯಗೊಳಿಸಲಾಯಿತು. ಅದರ ಬೆನ್ನಲ್ಲೇ ರಫ್ತುದಾರರಿಗೆ ಸರ್ಕಾರ ಕೊಡುತ್ತಿದ್ದ ನಗದು ಪರಿಹಾರವನ್ನು ರದ್ದುಗೊಳಿಸಲಾಯಿತು. ಇಪ್ಪತ್ತನಾಲ್ಕರಂದು ಹೊಸ ಕೈಗಾರಿಕಾ ನೀತಿ ಸದನದಲ್ಲಿ ಮಂಡನೆಯಾಗಿ, 18 ಕೈಗಾರಿಕೆಗಳನ್ನು ಬಿಟ್ಟು ಉಳಿದವಕ್ಕೆ ಲೈಸೆನ್ಸ್ ಬೇಡವಾಯಿತು. ಅದೇ ಸಂಜೆ ಐದು ಗಂಟೆಗೆ ಬಜೆಟ್ ಬಂತು. ಆಮದು ಸುಂಕದ ಗರಿಷ್ಠ ಮಿತಿ ಶೇ 150ಕ್ಕೆ ಇಳಿಯಿತು. ಕಂಪನಿ ತೆರಿಗೆ ಶೇ 40ರಿಂದ 45ಕ್ಕೆ ಏರಿತು. ಇದು ಬಂಡವಾಳಗಾರರಿಗೆ ಎಲ್ಲವನ್ನೂ ಧಾರೆಯೆರೆದ ಬಜೆಟ್ ಎನ್ನುವವರು ಈ ಏರಿಕೆಯನ್ನು ಮರೆಯುತ್ತಾರೆ. ತಂತ್ರಾಂಶ ರಫ್ತಿನ ಲಾಭಕ್ಕೆ ತೆರಿಗೆ ರಿಯಾಯಿತಿ ವಿಸ್ತರಣೆಯಾಯಿತು, ಅದರ ಫಲವನ್ನು ಬೆಂಗಳೂರು ಕಂಡಿದೆ. ಅಡುಗೆ ಅನಿಲ ಮತ್ತು ಪೆಟ್ರೋಲ್ ಶೇ 20ರಷ್ಟು ತುಟ್ಟಿಯಾದವು, ಸೀಮೆಎಣ್ಣೆ ಶೇ 10ರಷ್ಟು ಅಗ್ಗವಾಯಿತು. ಗೊಬ್ಬರದ ಬೆಲೆ ಸರಾಸರಿ ಶೇ 40ರಷ್ಟು ಏರಿತು. ವಿತ್ತೀಯ ಕೊರತೆಯನ್ನು ಶೇ 6.5ಕ್ಕೆ, ಅಂದರೆ 37,727 ಕೋಟಿಗೆ, ಇಳಿಸುವ ಗುರಿ ಇಡಲಾಯಿತು.

ಗದ್ದೆಬದು

ತುಂಗಾತೀರ ಅವರು ಒಂದೇ ವಾಕ್ಯದಲ್ಲಿ ಹೇಳಿ ಮುಂದಕ್ಕೆ ಹೋದ ಗೊಬ್ಬರದ ಬಳಿ ನಾನು ಸ್ವಲ್ಪ ನಿಲ್ಲಬೇಕಾಗಿದೆ. ದಯವಿಟ್ಟು ತಪ್ಪು ತಿಳಿಯಬೇಡಿ.

ನಮ್ಮದು ಶಿಕಾರಿಪುರ ಸೀಮೆ. ಜುಲೈ 24 ಎಂದರೆ ನಮ್ಮ ಕಡೆ ಭತ್ತದ ಗದ್ದೆಗಳಲ್ಲಿ ನಾಟಿ ನಡೆಯುತ್ತಿರುವ, ಮೊದಲು ನೆಟ್ಟವರು ಮೇಲುಗೊಬ್ಬರಕ್ಕೆ ಸಿದ್ಧರಾಗುವ ಹೊತ್ತು. ಬೀಜ ಹಾಕಿ ಆಗಿದೆ, ಆಳುಗಳಿಗೆ ಕೂಲಿ ಕೊಟ್ಟಾಗಿದೆ, ಸೊಸೈಟಿಯ ಬೆಳೆಸಾಲ ಎತ್ತಿಯಾಗಿದೆ. ಆಗ ಬೆಲೆ ಏರಿದರೆ ರೈತ ಮಾಡುವುದೇನು? ಬಜೆಟ್ ಫೆಬ್ರುವರಿಯಲ್ಲಿ ಬಂದಿದ್ದರೆ, ಎಷ್ಟು ಎಕರೆಗೆ ಏನು ಹಾಕಬೇಕೆಂದು ಯುಗಾದಿಯ ಹೊತ್ತಿಗೆ ಲೆಕ್ಕ ಮಾಡಿಕೊಳ್ಳುತ್ತಿದ್ದೆವು. ದೆಹಲಿಯ ರಾಜಕೀಯ ವಿಳಂಬದ ಬೆಲೆಯನ್ನು ಮಳೆಗಾಲದ ನಡುವೆ ಗದ್ದೆಯಲ್ಲಿ ನಿಂತವರು ಕೊಟ್ಟರು ಎಂಬ ಮಾತನ್ನು ನಾನು ಎಲ್ಲಿಯೂ ಓದಿಲ್ಲ, ಆದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ.

ಯೂರಿಯಾ ಟನ್ನಿಗೆ 2,350 ರೂಪಾಯಿ ಇದ್ದದ್ದು 3,300 ಆಯಿತು. ಐವತ್ತು ಕೆ.ಜಿ. ಚೀಲದ ಲೆಕ್ಕದಲ್ಲಿ 117 ರೂಪಾಯಿ 50 ಪೈಸೆಯಿಂದ 165 ರೂಪಾಯಿಗೆ. ಕಾಂಗ್ರೆಸ್ ಪಕ್ಷದ ಸಂಸದರೇ ವಿರೋಧಿಸಿದ ಮೇಲೆ ಆಗಸ್ಟ್ ಮೊದಲ ವಾರದಲ್ಲಿ ಸಚಿವರು ಏರಿಕೆಯನ್ನು ಶೇ 30ಕ್ಕೆ ಇಳಿಸಿದರು. ಚೀಲ 153 ರೂಪಾಯಿ ಆಯಿತು. ಸಣ್ಣ ಮತ್ತು ಅತಿಸಣ್ಣ ರೈತರಿಗೆ ಏರಿಕೆಯೇ ಅನ್ವಯಿಸದು, ಹಳೆಯ ಬೆಲೆಗೇ ಗೊಬ್ಬರ ಸಿಗುತ್ತದೆ ಎಂದೂ ಘೋಷಣೆಯಾಯಿತು.

ಹಳೆಯ ಬೆಲೆಯ ಚೀಲ ಕೇಳಲು ನಮ್ಮ ತಂದೆ ಸೊಸೈಟಿಗೆ ಹೋದಾಗ ನಾನೂ ಜೊತೆಗಿದ್ದೆ. ಕಾರ್ಯದರ್ಶಿ ಪಹಣಿ ಕೇಳಿದರು. ಪಹಣಿಯಲ್ಲಿ ಇದ್ದದ್ದು ತೀರಿಹೋದ ಅಜ್ಜನ ಹೆಸರು, ಹನ್ನೊಂದು ಎಕರೆ. ಅಪ್ಪ ಮತ್ತು ಇಬ್ಬರು ಚಿಕ್ಕಪ್ಪಂದಿರು ಬೇರೆ ಬೇರೆ ಒಲೆ ಹೂಡಿ ಎಂಟು ವರ್ಷವಾಗಿತ್ತು, ಗದ್ದೆಯ ಬದು ಬಾಯಿಮಾತಿನಲ್ಲಿ ಪಾಲಾಗಿತ್ತು, ಖಾತೆ ಮಾತ್ರ ಆಗಿರಲಿಲ್ಲ. ಒಬ್ಬೊಬ್ಬರಿಗೆ ನಾಲ್ಕು ಎಕರೆಯೂ ಇಲ್ಲ. ಕಾಗದದ ಮೇಲೆ ನಾವು ಸಣ್ಣ ರೈತರಾಗಿರಲಿಲ್ಲ. ಗ್ರಾಮ ಲೆಕ್ಕಿಗರ ದೃಢೀಕರಣ ತನ್ನಿ ಎಂದರು. ಅದಕ್ಕಾಗಿ ಅಪ್ಪ ನಾಲ್ಕು ದಿನ ತಿರುಗಿದರು. ಐದನೆಯ ದಿನ ಮಳೆ ಬಿಡುವು ಕೊಟ್ಟಿತು, ಗದ್ದೆಯಲ್ಲಿ ನೀರು ಹದಕ್ಕೆ ಬಂದಿತ್ತು, ಕಾಯಲು ಆಗಲಿಲ್ಲ. ಪೂರ್ತಿ ಬೆಲೆ ಕೊಟ್ಟು ಚೀಲ ತಂದರು.

ದೇಶಕ್ಕೆ ಸಂಕಟವಿತ್ತು ಎಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಆ ಸಾಲವನ್ನು ಮಾಡಿದವರು ಯಾರು, ತೀರಿಸಲು ಮೊದಲು ಕರೆದದ್ದು ಯಾರನ್ನು ಎಂಬುದಷ್ಟೇ ನನ್ನ ಪ್ರಶ್ನೆ.

ಲೆಕ್ಕಪುಸ್ತಕ

ಗದ್ದೆಬದು ಅವರೇ, ತಮ್ಮ ತಂದೆಯವರ ಅನುಭವ ಓದಿ ಮನಸ್ಸಿಗೆ ನೋವಾಯಿತು. ಹಾಗಿದ್ದರೂ ನನಗೆ ತಿಳಿದದ್ದನ್ನು ಹೇಳದೆ ಇರಲಾರೆ.

1981ರ ಜುಲೈನಲ್ಲಿ ಯೂರಿಯಾ ಬೆಲೆ ಟನ್ನಿಗೆ 2,350 ಇತ್ತು. ನಡುವೆ ಇಳಿದು, 1986ರಲ್ಲಿ ಮತ್ತೆ ಅಲ್ಲಿಗೇ ಬಂದು, ಹತ್ತು ವರ್ಷದ ನಂತರವೂ ಅಷ್ಟೇ ಇತ್ತು. ಅಷ್ಟರಲ್ಲಿ ಭತ್ತ, ಗೋಧಿಗಳ ಬೆಂಬಲ ಬೆಲೆ ಏರಿತ್ತು, ಗೊಬ್ಬರದ ಕಚ್ಚಾ ಸಾಮಗ್ರಿ ಮತ್ತು ಇಂಧನದ ಬೆಲೆಯೂ ಏರಿತ್ತು. ವ್ಯತ್ಯಾಸವನ್ನು ಖಜಾನೆ ತುಂಬಿಕೊಡುತ್ತಿತ್ತು. ಆ ಹಣದಲ್ಲಿ ಒಂದು ಭಾಗ ರೈತನಿಗೆ ಸೇರದೆ ಹೆಚ್ಚು ವೆಚ್ಚದಲ್ಲಿ ನಡೆಯುವ ಕಾರ್ಖಾನೆಗಳನ್ನು ಸಾಕುತ್ತಿತ್ತು, ಏಕೆಂದರೆ ಪ್ರತಿ ಕಾರ್ಖಾನೆಗೂ ಅದರದೇ ವೆಚ್ಚ ಆಧರಿಸಿ ಬೆಲೆ ಕಟ್ಟುವ ಪದ್ಧತಿ ಇತ್ತು. ಇದರ ಮೇಲೆ ಜುಲೈ ಮೊದಲ ವಾರದ ಅಪಮೌಲ್ಯ ಬಂತು. ಆಮದಾಗುವ ಗಂಧಕ, ಅಮೋನಿಯ, ಪೊಟ್ಯಾಷ್ ಎಲ್ಲವೂ ರೂಪಾಯಿ ಲೆಕ್ಕದಲ್ಲಿ ಒಂದೇ ವಾರದಲ್ಲಿ ತುಟ್ಟಿಯಾದವು. ಬೆಲೆಯನ್ನು ಮುಟ್ಟದೆ ಬಿಟ್ಟಿದ್ದರೆ ಕೊರತೆಯ ಗುರಿ ಅದೇ ದಿನ ಕೈತಪ್ಪುತ್ತಿತ್ತು.

ತಮ್ಮ ಪ್ರಶ್ನೆಯಲ್ಲಿರುವ ನ್ಯಾಯವನ್ನು ಮಾತ್ರ ನಾನು ಪೂರ್ತಿ ಒಪ್ಪುತ್ತೇನೆ, ಅಂಕಿಗಳೂ ಅದನ್ನೇ ಹೇಳುತ್ತವೆ. 1991–92ರಲ್ಲಿ ವಿತ್ತೀಯ ಕೊರತೆ ಸುಮಾರು 36,300 ಕೋಟಿಗೆ ಇಳಿಯಿತು, ಹಿಂದಿನ ವರ್ಷಕ್ಕಿಂತ 8,300 ಕೋಟಿ ಕಡಿಮೆ. ಗುರಿ ಮುಟ್ಟಿತು ಎಂದು ಎಲ್ಲರೂ ಹೊಗಳಿದರು. ಆ ಇಳಿಕೆಯನ್ನು ಬಿಡಿಸಿ ನೋಡಿದರೆ ರಾಜಸ್ವ ಕೊರತೆ ಇಳಿದದ್ದು ಸುಮಾರು 2,300 ಕೋಟಿಯಷ್ಟೇ. ಸಾರ್ವಜನಿಕ ಉದ್ದಿಮೆಗಳ ಷೇರು ಮಾರಿ ಬಂದದ್ದು 3,000 ಕೋಟಿಗೂ ಸ್ವಲ್ಪ ಹೆಚ್ಚು. ಉಳಿದದ್ದು ಮುಖ್ಯವಾಗಿ ಬಂಡವಾಳ ಲೆಕ್ಕವನ್ನು ಬಿಗಿಹಿಡಿದದ್ದರಿಂದ ಬಂತು. ಇದು ಬೀಜದ ಭತ್ತವನ್ನು ಕುಟ್ಟಿ ಉಂಡಂತೆ, ಸಾಲ ಬಾವಿಗಿರಬೇಕು, ಊಟಕ್ಕಲ್ಲ ಎಂದು ನಾನು ಮೊದಲು ಬರೆದ ಲೆಕ್ಕದ ನೀತಿಗೆ ವಿರುದ್ಧವಾದದ್ದು. ಸಂಬಳ ಮತ್ತು ಬಡ್ಡಿಯನ್ನು ಒಂದೇ ವರ್ಷದಲ್ಲಿ ಕಡಿಯಲಾಗದು. ಕಟ್ಟದ ಸೇತುವೆ ಪ್ರತಿಭಟನೆ ಮಾಡುವುದಿಲ್ಲ, ಆದ್ದರಿಂದ ಕತ್ತರಿ ಅಲ್ಲಿಗೆ ಹೋಗುತ್ತದೆ. 1993–94ರಲ್ಲಿ ವಿತ್ತೀಯ ಕೊರತೆ ಮತ್ತೆ ಶೇ 7ರ ಹತ್ತಿರಕ್ಕೆ ಏರಿದಾಗ ಈ ದುರಸ್ತಿ ಎಷ್ಟು ಮೇಲುಮೇಲಿನದಾಗಿತ್ತು ಎಂಬುದು ಕಂಡಿತು.

ಸಣ್ಣ ರೈತನಿಗೊಂದು ದರ, ಉಳಿದವರಿಗೊಂದು ದರ ಎಂಬ ಏರ್ಪಾಡು ಪಹಣಿಗಳು ಸರಿಯಿಲ್ಲದ ದೇಶದಲ್ಲಿ ನಡೆಯಲಾರದು ಎಂಬುದನ್ನು ಆಗಲೇ ಊಹಿಸಬೇಕಿತ್ತು. ಬೆಲೆ ಏರಿಸಿ, ಅದೇ ಹಂಗಾಮಿನ ಬೆಂಬಲ ಬೆಲೆಯಲ್ಲಿ ಆ ಏರಿಕೆಯನ್ನು ಪೂರ್ತಿ ತುಂಬಿಕೊಡುವುದು ಹೆಚ್ಚು ಪ್ರಾಮಾಣಿಕ ದಾರಿಯಾಗಿತ್ತು ಎಂಬುದು ನನ್ನ ತಿಳಿವಳಿಕೆ.

ಕಾಫಿಸೀಮೆ

ಬೆಂಬಲ ಬೆಲೆ ಮಾರಲು ಧಾನ್ಯ ಉಳಿಯುವವನಿಗೆ ಸಿಗುತ್ತದೆ, ಲೆಕ್ಕಪುಸ್ತಕ ಅವರೇ. ಮನೆಗೆ ಉಣ್ಣಲು ಬೆಳೆಯುವವನಿಗೆ ಅದರಿಂದ ಏನೂ ಬರುವುದಿಲ್ಲ. ಅಷ್ಟನ್ನು ಸೇರಿಸಿ, ಇನ್ನೊಂದು ಹಿನ್ನೆಲೆಯನ್ನೂ ಹೇಳುತ್ತೇನೆ.

ನಮ್ಮ ಚಿಕ್ಕಮಗಳೂರು, ಕೊಡಗಿನ ಕಾಫಿಗೆ ಸೋವಿಯತ್ ಒಕ್ಕೂಟವೇ ಬಹು ದೊಡ್ಡ ಗಿರಾಕಿ. ಆ ವ್ಯಾಪಾರ ರೂಪಾಯಿಯಲ್ಲಿ ನಡೆಯುತ್ತಿತ್ತು, ಡಾಲರ್ ಬೇಕಿರಲಿಲ್ಲ. 1989ರ ಜುಲೈನಲ್ಲಿ ಅಂತರರಾಷ್ಟ್ರೀಯ ಕಾಫಿ ಒಪ್ಪಂದದ ಕೋಟಾ ಪದ್ಧತಿ ಮುರಿದುಬಿತ್ತು, ಲೋಕದ ಮಾರುಕಟ್ಟೆಯಲ್ಲಿ ಬೆಲೆ ನೆಲಕಚ್ಚಿತು. ಅದರ ಹಿಂದೆಯೇ ಸೋವಿಯತ್ ಒಕ್ಕೂಟ ಕುಸಿಯತೊಡಗಿತು. 1991ರ ಬಜೆಟ್‌ನ ಹಿನ್ನೆಲೆಯನ್ನು ಹೇಳುವವರು ಕುವೈತನ್ನು ನೆನೆಯುತ್ತಾರೆ, ಮಾಸ್ಕೋವನ್ನು ಮರೆಯುತ್ತಾರೆ. ಡಾಲರ್ ಇಲ್ಲದೆಯೂ ಎಣ್ಣೆ, ಯಂತ್ರ, ಶಸ್ತ್ರಾಸ್ತ್ರ ಕೊಳ್ಳಲು ಇದ್ದ ಒಂದು ದಾರಿ ಅದೇ ವರ್ಷಗಳಲ್ಲಿ ಮುಚ್ಚಿಹೋಯಿತು.

ತೋಟದವರಿಗೆ ಬದಲಾವಣೆ ಒಳ್ಳೆಯದನ್ನೂ ತಂದಿತು ಎಂದು ಹೇಳುವುದು ನನ್ನ ಕರ್ತವ್ಯ. ಅದುವರೆಗೆ ಬೆಳೆದ ಕಾಫಿಯನ್ನೆಲ್ಲ ಕಾಫಿ ಮಂಡಳಿಯ ಪೂಲ್‌ಗೆ (ಎಲ್ಲರ ಕಾಫಿಯನ್ನೂ ಒಟ್ಟುಗೂಡಿಸಿ ಮಾರುವ ಸಂಗ್ರಹಕ್ಕೆ) ಒಪ್ಪಿಸಿ, ಹಣಕ್ಕಾಗಿ ಕಂತು ಕಂತಾಗಿ ವರ್ಷಗಟ್ಟಲೆ ಕಾಯಬೇಕಿತ್ತು. 1992ರ ನಂತರ ಹಂತಹಂತವಾಗಿ ಆ ಕಟ್ಟು ಸಡಿಲಿ, 1996ರ ಹೊತ್ತಿಗೆ ಬೆಳೆಗಾರನೇ ತನ್ನ ಕಾಫಿಯನ್ನು ಮಾರುವಂತಾಯಿತು. ಆದ್ದರಿಂದ ಆ ಬಜೆಟ್‌ನಿಂದ ಹೊರಟ ದಾರಿ ಎಲ್ಲ ರೈತರಿಗೂ ಒಂದೇ ರೀತಿಯದಾಗಿರಲಿಲ್ಲ.

ತುಂಗಾತೀರ

ಗದ್ದೆಬದು ಅವರ ಮಾತನ್ನು ಒಂದೇ ವಾಕ್ಯದಲ್ಲಿ ದಾಟಿ ಹೋದದ್ದಕ್ಕೆ ಕ್ಷಮೆ ಕೋರುತ್ತೇನೆ. ಚಿನ್ನದ ಕಥೆಯನ್ನು ದೂರುತ್ತ ಚರ್ಚೆ ಆರಂಭಿಸಿದ ನಾನೇ ಅದೇ ತಪ್ಪು ಮಾಡಿದ್ದೆ.

ಗೊಬ್ಬರದ ಕಥೆಗೆ ಮುಂದಿನ ವರ್ಷದ ಭಾಗವೂ ಇದೆ, ಪರೀಕ್ಷೆಗೆ ಓದುವವರು ಇದನ್ನು ತಿಳಿದಿರಬೇಕು. 1992ರ ಆಗಸ್ಟ್ 25ರಂದು ರಂಜಕ ಮತ್ತು ಪೊಟ್ಯಾಷ್ ಗೊಬ್ಬರಗಳ ಮೇಲಿನ ಬೆಲೆ ನಿಯಂತ್ರಣ ತೆಗೆಯಲಾಯಿತು. ಅದೇ ದಿನ ಯೂರಿಯಾ ಬೆಲೆಯನ್ನು ಸುಮಾರು ಶೇ 10ರಷ್ಟು ಇಳಿಸಲಾಯಿತು. ಪೊಟ್ಯಾಷ್ ಬೆಲೆ ಎರಡು ಪಟ್ಟಿಗೂ ಹೆಚ್ಚಾಯಿತು. ಮಣ್ಣಿಗೆ ಸಾರಜನಕ, ರಂಜಕ, ಪೊಟ್ಯಾಷ್ 4:2:1ರ ಆಸುಪಾಸಿನಲ್ಲಿ ಸಿಗಬೇಕೆಂಬುದು ಒಪ್ಪಿತವಾದ ಮಾತು. ದೇಶದ ಒಟ್ಟು ಬಳಕೆಯಲ್ಲಿ ಅದು 1991–92ರಲ್ಲಿ 5.9:2.4:1 ಇದ್ದದ್ದು ಒಂದೇ ವರ್ಷದಲ್ಲಿ 9.5:3.2:1 ಆಯಿತು. ಯೂರಿಯಾ ಮುಟ್ಟಿದರೆ ಸದನ ಏಳುತ್ತದೆ ಎಂಬುದನ್ನು 1991ರ ಆಗಸ್ಟ್ ಕಲಿಸಿತ್ತು, ಆದ್ದರಿಂದ ಜನ ಹೆಸರು ಹಿಡಿದು ಕೇಳದ ಗೊಬ್ಬರದ ಮೇಲೆ ಭಾರ ಬಿತ್ತು. ಒಂದು ಬಜೆಟ್‌ನ ಮತದಾನ ಮುಗಿದರೂ ಅದರ ಪರಿಣಾಮ ಹೊಲದಲ್ಲಿ ಎಷ್ಟು ವರ್ಷ ಕೂತಿರುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ನನಗೆ ಗೊತ್ತಿಲ್ಲ.

ಗದ್ದೆಬದು

ತಮ್ಮ ಉತ್ತರ ಓದಿದ ಮೇಲೆ ಅಟ್ಟದ ಮೇಲಿನ ಟ್ರಂಕಿನಿಂದ ಅಪ್ಪನ ಖರ್ಚಿನ ಪುಸ್ತಕ ತೆಗೆದು ನೋಡಿದೆ. ಪ್ರತಿ ವರ್ಷಕ್ಕೂ ಒಂದು ಪುಟ, ಗದ್ದೆಯ ಖರ್ಚು ಮಾತ್ರ.

1990ರ ಪುಟದಲ್ಲಿ ಯೂರಿಯಾ ಆರು ಚೀಲ, ಡಿಎಪಿ (ರಂಜಕದ ಗೊಬ್ಬರ) ಮೂರು, ಪೊಟ್ಯಾಷ್ ಎರಡು. 1991ರಲ್ಲಿ ಯೂರಿಯಾ ಐದು ಚೀಲ, ಅದರಲ್ಲಿ ಎರಡರ ಮುಂದೆ ಹಳೆಯ ದರ, ಮೂರರ ಮುಂದೆ 153, ಪಕ್ಕದಲ್ಲಿ ಪೆನ್ಸಿಲ್ಲಿನಲ್ಲಿ “ದೃಢೀಕರಣ ಆಗಲಿಲ್ಲ” ಎಂದಿದೆ. ಡಿಎಪಿ ಎರಡು, ಪೊಟ್ಯಾಷ್ ಒಂದು. 1993ರ ಪುಟದಲ್ಲಿ ಯೂರಿಯಾ ಏಳು ಚೀಲ, ಡಿಎಪಿ ಒಂದು. ಪೊಟ್ಯಾಷ್ ಎಂದು ಬರೆದು ಅದರ ಮುಂದಿನ ಜಾಗವನ್ನು ಖಾಲಿ ಬಿಟ್ಟಿದ್ದಾರೆ. 1994ರ ಪುಟದಲ್ಲಿ ಆ ಹೆಸರನ್ನೇ ಬರೆದಿಲ್ಲ.